ಆರ್9 270 ಕೊನೆಗೂ ಎದ್ದು ಕೂತಿತು: ಹಳೇ ಪಿಸಿ, ಲಿನಕ್ಸ್, ಗೇಮಿಂಗ್

ನಿನ್ನೆ ರಾತ್ರಿ ಜಿಟಿಎ 5 ಸರಿಯಾಗಿ ಓಡಿತು. 1080ಪಿ, ಎಲ್ಲ ನಾರ್ಮಲ್, ಊರೊಳಗೆ ಜೋರಾಗಿ ಗಾಡಿ ಬಿಟ್ಟರೂ 45 ಫ್ರೇಮಿನ ಕೆಳಗೆ ಇಳಿಯಲಿಲ್ಲ. ಮಷಿನ್ ಅದೇ: ಐ5-3470 ಪ್ರೊಸೆಸರ್, ಎಎಮ್‌ಡಿಯ ಆರ್9 270 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್. ಬದಲಾಗಿದ್ದು ಬೂಟ್ ಸಾಲಿನಲ್ಲಿ, ಅಂದರೆ ಮಷಿನ್ ಶುರುವಾಗುವಾಗ ಲಿನಕ್ಸ್‌ಗೆ ಕೊಡುವ ಸೂಚನೆಗಳಲ್ಲಿ, ಎರಡೇ ಎರಡು ಆಯ್ಕೆ.

ಪಾರ್ಟಿಷನ್ ಮಾಡೋದು, ಸ್ಟೀಮ್ ಹಾಕೋದು, ವಿಂಡೋಸ್ ಗೇಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಆನ್ ಮಾಡೋದು ನಿಮಗೆ ಗೊತ್ತೇ ಇದೆ, ಬಿಡುತ್ತೇನೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಬೋರ್ಡಿನಲ್ಲಿ ಟಿಪಿಎಮ್ 2.0 ಭದ್ರತಾ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಹತ್ತಿರಕ್ಕೂ ಸೇರಿಸೋದಿಲ್ಲ. ನಾಲ್ಕು ಕೋರ್ ಇರುವ ಗಟ್ಟಿಮುಟ್ಟಾದ ಮಷಿನನ್ನು ಗುಜರಿಗೆ ಹಾಕೋಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಲಿನಕ್ಸ್ ಹಾಕಿದೆ.

ತಲೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಮೊದಲ ದಿನದಿಂದಲೂ ಚೆನ್ನಾಗಿಯೇ ಓಡುತ್ತಿತ್ತು. ಪೋರ್ಟಲ್ 2 ಕೂಡ. ಆದರೆ ಪ್ರೋಟಾನ್ ಮೂಲಕ ಯಾವ ವಿಂಡೋಸ್ ಗೇಮ್ ತೆರೆದರೂ ಮೆನು ಬರೋಕೇ ಯುಗ ಹಿಡಿಯುತ್ತಿತ್ತು. ಬಂದ ಮೇಲೆ ಬರೀ ಸ್ಲೈಡ್ ಶೋ. ನಾಲ್ಕೂ ಕೋರ್ ನೂರಕ್ಕೆ ನೂರು ದುಡಿಯುತ್ತಿದ್ದವು, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಮಾತ್ರ ಆರಾಮಾಗಿ ತಿರುಗುತ್ತಿತ್ತು. ಕ್ಯಾಬಿನೆಟ್ ತೆಗೆದು ಹೀಟ್‌ಸಿಂಕ್ ಮುಟ್ಟಿ ನೋಡಿದೆ. ಬೆಚ್ಚಗೂ ಆಗಿರಲಿಲ್ಲ. 150 ವ್ಯಾಟ್ ಕಾರ್ಡ್ ಗೇಮ್ ಓಡುವಾಗ ತಣ್ಣಗಿದೆ ಅಂದರೆ ಅದಕ್ಕೆ ಕೆಲಸವೇ ಸಿಗುತ್ತಿಲ್ಲ ಅಂತ ಅರ್ಥ, ಅಲ್ವಾ?

ಮಿಂಟ್, ಫೆಡೋರಾ, ಡೆಬಿಯನ್ 13, ಹೀಗೆ ಲಿನಕ್ಸ್‌ನ ಮೂರು ಡಿಸ್ಟ್ರೋ (ಆವೃತ್ತಿ) ಹಾಕಿದರೂ ಇದೇ ಕಥೆ. ನನಗೆ ಸಿಕ್ಕ ದೊಡ್ಡ ಸುಳಿವೂ ಇದೇ. ಮೂರು ಬೇರೆ ಬೇರೆ ಡಿಸ್ಟ್ರೋದಲ್ಲಿ ಒಂದೇ ಕಾಯಿಲೆ ಕಂಡರೆ ಬೇರು ಡಿಸ್ಟ್ರೋದಲ್ಲಿ ಇರೋದಿಲ್ಲ. ಗ್ರಾಫಿಕ್ಸ್ ಬಿಡಿಸುವ ವ್ಯವಸ್ಥೆಯಾದ ವಲ್ಕನ್ ಯಾವ ಕಾರ್ಡ್ ಬಳಸುತ್ತಿದೆ ಅಂತ ತೋರಿಸುವ ವಲ್ಕನ್‌ಇನ್ಫೋ ಆಜ್ಞೆಯ ಸಾರಾಂಶ ತೆಗೆದೆ. ಡಿವೈಸ್ ಹೆಸರಿನ ಮುಂದೆ ರೇಡಿಯಾನ್ ಇರಬೇಕಾದ ಜಾಗದಲ್ಲಿ ಒಂದೇ ಒಂದು ಹೆಸರು: ಎಲ್‌ಎಲ್‌ವಿಎಮ್‌ಪೈಪ್. ಅದು ಸಿಪಿಯು ಮೇಲೆ ಚಿತ್ರ ಬಿಡಿಸುವ ಸಾಫ್ಟ್‌ವೇರ್. ಅಂದರೆ ಜಿಟಿಎಯ ಇಡೀ ಲಾಸ್ ಸ್ಯಾಂಟೋಸ್ ಊರನ್ನು ನನ್ನ ಬಡಪಾಯಿ ಐ5 ಒಬ್ಬನೇ ಕೂತು ಬಿಡಿಸುತ್ತಿದ್ದ.

ಮಷಿನಿನೊಳಗಿನ ಕಾರ್ಡುಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆಜ್ಞೆಗೆ ಕೆ ಆಯ್ಕೆ ಸೇರಿಸಿ ಓಡಿಸಿದರೆ ಕಾರಣ ಎದುರಿಗೇ ಬಂತು: ಬಳಕೆಯಲ್ಲಿರುವ ಕರ್ನಲ್ ಡ್ರೈವರ್, ರೇಡಿಯಾನ್. ಎಎಮ್‌ಡಿ ಕಾರ್ಡುಗಳಿಗೆ ಕರ್ನಲ್ ಒಳಗೆ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಎರಡು ಡ್ರೈವರ್ ಇವೆ. ಹಳೇದು ರೇಡಿಯಾನ್, ಹೊಸದು ಎಎಮ್‌ಡಿಜಿಪಿಯು. ಹಳೇ ಗ್ರಾಫಿಕ್ಸ್ ವ್ಯವಸ್ಥೆಯಾದ ಓಪನ್‌ಜಿಎಲ್ ಎರಡರ ಮೇಲೂ ಓಡುತ್ತದೆ. ಟ್ರಕ್ ಗೇಮ್ ಓಡಿದ್ದು ಅದಕ್ಕೇ. ಆದರೆ ಲಿನಕ್ಸ್‌ನ ಗ್ರಾಫಿಕ್ಸ್ ಸಾಫ್ಟ್‌ವೇರ್ ಮೆಸಾದ ವಲ್ಕನ್ ಡ್ರೈವರ್ ಆದ ರಾಡ್‌ವಿಗೆ ಎಎಮ್‌ಡಿಜಿಪಿಯುನೇ ಬೇಕು. ಪ್ರೋಟಾನ್ ಒಳಗಿನ ಡಿಎಕ್ಸ್‌ವಿಕೆ ವಿಂಡೋಸ್ ಗೇಮುಗಳ ಡೈರೆಕ್ಟ್‌ಎಕ್ಸ್ 11ನ್ನು ವಲ್ಕನ್‌ಗೆ ತಿರುಗಿಸುತ್ತದೆ. ನಿಜವಾದ ವಲ್ಕನ್ ಕಾರ್ಡ್ ಸಿಗದಿದ್ದರೆ ಸಿಪಿಯು ಮೇಲೆ ಬಿಡಿಸುವ ಎಲ್‌ಎಲ್‌ವಿಎಮ್‌ಪೈಪ್ ಕೈಗೆ ಬೀಳುತ್ತದೆ. ದೂರು ಹೇಳೋಕೆ ಒಂದು ಎರರ್ ಕೂಡ ಬರೋದಿಲ್ಲ. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅಲ್ಲೇ. ಇಷ್ಟು ದೊಡ್ಡ ಎಡವಟ್ಟು ಆದಾಗ ಸ್ಕ್ರೀನಿನ ಮೇಲೆ ಒಂದು ಸಾಲು ಬರಬೇಕಿತ್ತು.

ಎಎಮ್‌ಡಿಯ ಜಿಸಿಎನ್ ಚಿಪ್ ವಿನ್ಯಾಸದ ಮೊದಲ ಎರಡು ತಲೆಮಾರುಗಳಿಗೆ, ಅಂದರೆ ಸದರ್ನ್ ಐಲ್ಯಾಂಡ್ಸ್ ಮತ್ತು ಸೀ ಐಲ್ಯಾಂಡ್ಸ್‌ಗೆ, ಕರ್ನಲ್ ಬಹಳ ವರ್ಷ ಹಳೇ ಡ್ರೈವರನ್ನೇ ಕೊಡುತ್ತಾ ಬಂತು. ಬದಲಾಯಿಸೋಕೆ ಬೂಟ್ ಆಯ್ಕೆ ಇದೆ. ಮೊದಲನೆಯದಕ್ಕೆ ಎಸ್‌ಐ ಸಪೋರ್ಟ್, ಎರಡನೆಯದಕ್ಕೆ ಸಿಐಕೆ ಸಪೋರ್ಟ್. ನನ್ನ ಕಾರ್ಡ್ ಯಾವುದು ಅನ್ನೋದೇ ಒಗಟು. ಎಲ್‌ಎಸ್‌ಪಿಸಿಐ ಅದನ್ನು ಕುರಾಸಾವ್ ಪ್ರೋ ಅನ್ನುತ್ತದೆ. ಸೀ ಐಲ್ಯಾಂಡ್ಸ್ ಚಿಪ್ ಒಂದರ ಹೆಸರು ಬೊನೈರ್. ಮ್ಯಾಪ್ ತೆಗೆದು ನೋಡಿ, ಕುರಾಸಾವ್ ಮತ್ತು ಬೊನೈರ್ ಕೆರಿಬಿಯನ್ ಸಮುದ್ರದಲ್ಲಿ ಅಕ್ಕಪಕ್ಕದ ದ್ವೀಪಗಳು! ಯಾರಿಗಾದರೂ ಇದು ಸಿಐಕೆ ಅಂತಲೇ ಅನ್ನಿಸುತ್ತದೆ. ಅದು ಹಾಗಲ್ಲ. ಆರ್9 270 ಬಂದಿದ್ದು 2013ರಲ್ಲಿ ಆದರೂ, ಒಳಗಿರೋದು 2012ರ ಎಚ್‌ಡಿ 7800 ಸಾಲಿನ ಪಿಟ್‌ಕೇರ್ನ್ ಚಿಪ್. ಪೆಟ್ಟಿಗೆ ಮಾತ್ರ ಹೊಸದು. ಕರ್ನಲ್‌ನ ಸಂದೇಶಗಳಿರುವ ಡಿಮೆಸೇಜ್ ಒಳಗೆ ಹುಡುಕಿದರೆ ಕರ್ನಲ್ ಅದನ್ನು ದೊಡ್ಡ ಅಕ್ಷರದಲ್ಲಿ ಪಿಟ್‌ಕೇರ್ನ್ ಅಂತಲೇ ಕರೆದಿರುತ್ತದೆ. ಪಿಟ್‌ಕೇರ್ನ್ ಅಂದರೆ ಎಸ್‌ಐ. ಆರ್7 260ಎಕ್ಸ್ ಇರುವವರದ್ದು ಬೊನೈರ್, ಅವರು ಸಿಐಕೆ ಹಾಕಬೇಕು. ಅಂಗಡಿಯ ಹೆಸರನ್ನು ಬಿಡಿ, ಡಿಮೆಸೇಜ್ ನಂಬಿ.

ಮಷಿನ್ ಬೂಟ್ ಮಾಡಿಸುವ ಗ್ರಬ್‌ನ ಸಾಲಿನಲ್ಲಿ ರೇಡಿಯಾನ್‌ನ ಎಸ್‌ಐ ಸಪೋರ್ಟ್ 0, ಎಎಮ್‌ಡಿಜಿಪಿಯುನ ಎಸ್‌ಐ ಸಪೋರ್ಟ್ 1 ಮಾಡಿದೆ. ಗ್ರಬ್ ಅಪ್‌ಡೇಟ್, ರೀಬೂಟ್. ವಲ್ಕನ್‌ಇನ್ಫೋದಲ್ಲಿ ರಾಡ್‌ವಿ ಪಿಟ್‌ಕೇರ್ನ್ ಅಂತ ಬಂತು. ಗೇಮ್ ತೆರೆದ ಕೂಡಲೇ ಫ್ಯಾನ್ ಜೋರಾಗಿ ಕೂಗಿತು. ಆ ಗಲಾಟೆ ಕೇಳಿ ಅಷ್ಟು ಖುಷಿ ಆಗಿದ್ದು ಇದೇ ಮೊದಲು.

ನಡುವೆ ರ‍್ಯಾಮ್ ವಿಷಯ ಹೇಳಲೇಬೇಕು. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಿಂದ 1600 ವೇಗದ 4 ಜಿಬಿ ಸ್ಟಿಕ್ ತರಿಸಿದೆ. ಬಂದಿದ್ದು 1333. ಸ್ಟಿಕ್ಕರಿನ ಮೇಲೆ ಇನ್ನೊಂದು ಸ್ಟಿಕ್ಕರ್. ಅದರ ಜೊತೆ ಸೇರಿ ನನ್ನ ಹಳೇ 1600 ಕೂಡ 1333ಕ್ಕೇ ಇಳಿಯಿತು. ಫೋನ್ ಮಾಡಿದರೆ "ಎರಡೂ ಒಂದೇ ಸಾರ್" ಅನ್ನುವ ಉತ್ತರ. ಒಂದೇ ಆಗಿದ್ದರೆ ಎರಡು ರೇಟ್ ಯಾಕೆ ಸ್ವಾಮಿ? ಆದರೂ ಎರಡು ಸ್ಟಿಕ್ ಜೋಡಿಯಾಗಿ ದುಡಿಯುವ ಡ್ಯುಯಲ್ ಚಾನೆಲ್ ಆಯಿತಲ್ಲ ಅಂತ ಇಟ್ಟುಕೊಂಡಿದ್ದೇನೆ.

ಇನ್ನು ಡಿಸ್ಟ್ರೋ. ನಾನು ಉಳಿಸಿಕೊಂಡಿದ್ದು ಮಿಂಟ್ 22, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಕಡಿಮೆ ರ‍್ಯಾಮ್ ತಿನ್ನುತ್ತದೆ, 2029ರವರೆಗೆ ಅಪ್‌ಡೇಟ್ ಇದೆ, ಮನೆಯವರೂ ಸುಲಭವಾಗಿ ಬಳಸುತ್ತಾರೆ. ಕ್ಯಾಶಿಓಎಸ್ ಅನ್ನುವ ಇನ್ನೊಂದು ಡಿಸ್ಟ್ರೋದಲ್ಲಿ ಈ ಎಸ್‌ಐ, ಸಿಐಕೆ ಸೆಟ್ಟಿಂಗ್ ಮೊದಲೇ ಹಾಕಿಟ್ಟಿರುತ್ತಾರೆ, ಅದು ನಿಜವಾಗಿಯೂ ಒಳ್ಳೇ ಕೆಲಸ. ಆದರೆ ಅವರ ವಿ3 (ಹೊಸ ಪ್ರೊಸೆಸರುಗಳಿಗೆ ಕಟ್ಟಿದ) ಪ್ಯಾಕೇಜುಗಳಿಗೆ ಪ್ರೊಸೆಸರಿನಲ್ಲಿ ಎವಿಎಕ್ಸ್2 ಅನ್ನುವ ಸೌಲಭ್ಯ ಬೇಕು. ನನ್ನ ಐವಿ ಬ್ರಿಡ್ಜ್ ತಲೆಮಾರಿನ ಐ5ನಲ್ಲಿ ಅದಿಲ್ಲ. ಮುಂದಿನ ತಲೆಮಾರಿನ ಹ್ಯಾಸ್‌ವೆಲ್ ಐ5 ಇದ್ದವರು ಧಾರಾಳವಾಗಿ ಅದನ್ನೇ ಹಾಕಿ. ಕರ್ನಲ್ 6.19ರಿಂದ ಈ ಕಾರ್ಡುಗಳಿಗೆ ಎಎಮ್‌ಡಿಜಿಪಿಯುನೇ ಡೀಫಾಲ್ಟ್. ಸ್ಟೀಮ್ ನಡೆಸುವ ವಾಲ್ವ್‌ಗಾಗಿ ಕೆಲಸ ಮಾಡುವ ಟಿಮುರ್ ಕ್ರಿಸ್ಟೋಫ್ ಹಟ ಹಿಡಿದು ಇದನ್ನು ಸಾಧಿಸಿದರು. ಹತ್ತು ವರ್ಷ ದಾಟಿದ ಕಾರ್ಡಿಗೆ ಇಷ್ಟು ಕಾಳಜಿ ತೋರಿಸಿದವರಿಗೆ ನನ್ನ ದೊಡ್ಡ ನಮಸ್ಕಾರ. ಹಾಗಾಗಿ ಫೆಡೋರಾದಂತೆ ಹೊಸ ಕರ್ನಲ್ ಬೇಗ ಕೊಡುವ ಡಿಸ್ಟ್ರೋದಲ್ಲಿ, ಆ ಕರ್ನಲ್ ಬಂದ ಮೇಲೆ, ಈ ತಲೆನೋವೇ ಇರೋದಿಲ್ಲ. ಯಾರಾದರೂ "ಗೇಮಿಂಗ್ ಡಿಸ್ಟ್ರೋ ಯಾವುದು" ಅಂತ ಕೇಳಿದರೆ ನಾನು ಮೊದಲು ಕೇಳೋದು ಕಾರ್ಡ್ ಯಾವುದು, ಅದು ಯಾವ ಡ್ರೈವರ್ ಮೇಲೆ ಕೂತಿದೆ ಅಂತ.

ಜಿಟಿಎ ಆನ್‌ಲೈನ್ ಆಸೆ ಬೇಡ. 2024ರ ಸೆಪ್ಟೆಂಬರಿನಲ್ಲಿ ಆಟದಲ್ಲಿ ಮೋಸ ತಡೆಯುವ ಬ್ಯಾಟಲ್‌ಐ ಬಂದ ಮೇಲೆ ಲಿನಕ್ಸ್‌ನಲ್ಲಿ ಅದಕ್ಕೆ ಬಾಗಿಲು ಮುಚ್ಚಿದೆ. ಸ್ಟೋರಿ ಮೋಡ್ ಮಾತ್ರ.

ಅಂದಹಾಗೆ ಒಂದು ತೇಗದ ಹಲಗೆ ಸಿಕ್ಕಿದೆ. ಅದರಲ್ಲಿ ಎರಡು ಜಾಯ್‌ಸ್ಟಿಕ್, ಅವನ್ನು ಪಿಸಿಗೆ ಜೋಡಿಸುವ ಯುಎಸ್‌ಬಿ ಎನ್‌ಕೋಡರ್ ಕೂರಿಸಿ ಆರ್ಕೇಡ್ ಪೆಟ್ಟಿಗೆ ಮಾಡಬೇಕು. ಹಳೇ ಗೇಮುಗಳಿಗಾಗಿಯೇ ಇರುವ ಬಟೋಸೆರಾ ಡಿಸ್ಟ್ರೋವನ್ನು ಪೆನ್‌ಡ್ರೈವಿನಿಂದಲೇ ಬೂಟ್ ಮಾಡಬಹುದು, ಈ ಮಿಂಟ್ ಮುಟ್ಟೋದೇ ಬೇಡ. ಬಟನ್‌ಗಳಿಗೆ 30 ಮಿಲಿಮೀಟರ್ ತೂತು ಕೊರೆಯೋಕೆ ಹೋಲ್ ಸಾ ಹುಡುಕುತ್ತಿದ್ದೇನೆ.

ಅದಕ್ಕೂ ಮೊದಲು ಭಾವನ ಜಿಟಿಎಕ್ಸ್ 660 ರಿಪೇರಿ ಇದೆ. ಅದು ಎನ್‌ವಿಡಿಯಾದ ಹಳೇ ಕೆಪ್ಲರ್ ತಲೆಮಾರಿನ ಕಾರ್ಡ್, 470 ಡ್ರೈವರಿಗೇ ನಿಂತುಹೋಗಿದೆ, ವಲ್ಕನ್ 1.2ರ ಮೇಲೆ ಹತ್ತೋದಿಲ್ಲ. ಡಿಎಕ್ಸ್‌ವಿಕೆ 2.0ಕ್ಕೆ 1.3 ಬೇಕು. ಬೂಟ್ ಸಾಲಿನಲ್ಲಿ ಬಗೆಹರಿಯುವ ವಿಷಯ ಅಲ್ಲ ಇದು. ಪ್ರೋಟಾನ್ 7 ಹಾಕಿ, ಅದರೊಳಗಿನ ಹಳೇ ಡಿಎಕ್ಸ್‌ವಿಕೆ ಮೇಲೆ ಅವನ ಗೇಮುಗಳಲ್ಲಿ ಯಾವ್ಯಾವುದು ಏಳುತ್ತವೆ ಅಂತ ಭಾನುವಾರ ಒಂದೊಂದಾಗಿ ನೋಡುತ್ತೇನೆ.