ದೂರದವರ ಪ್ರಶ್ನೆಯೂ ನಡಾವಳಿಗೆ ಬರಲಿ

ಕುಡಿಯುವ ನೀರು, ಒಳಚರಂಡಿ ಮತ್ತು ವಾರ್ಡ್ ಸಮಿತಿಗಳ ಕುರಿತು ನಾವು ಕೆಲವು ನಾಗರಿಕರು ಸೇರಿ ಕಳೆದ ವರ್ಷ ಧಾರವಾಡದಲ್ಲಿ ಒಂದು ದಿನದ ಸಮಾವೇಶ ನಡೆಸಿದೆವು. ಸಭಾಂಗಣಕ್ಕೆ ಬರಲಾಗದವರು ಮೊಬೈಲಿನಲ್ಲಿಯೇ ನೋಡಿ, ಕೇಳಿ, ಪ್ರಶ್ನೆ ಹಾಕಿ, ಉತ್ತರ ಪಡೆಯುವಂತೆ ವ್ಯವಸ್ಥೆ ಮಾಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಹುಬ್ಬಳ್ಳಿಯ ಕೆಲವು ಬಡಾವಣೆಗಳವರು ಇಂಥದ್ದೇ ಸಭೆಗೆ ಈಗ ತಯಾರಿ ನಡೆಸಿರುವುದರಿಂದ, ಅವರಿಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುತ್ತಿರುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಇದರ ಅಗತ್ಯ ಅವಳಿ ನಗರದ ರಚನೆಯಲ್ಲಿಯೇ ಇದೆ. ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆಯ ಕೆಳಗೆ ತಂದರು. 2021ರ ಪಾಲಿಕೆ ಚುನಾವಣೆಯ ಹೊತ್ತಿಗೆ ಅದರಲ್ಲಿ 82 ವಾರ್ಡುಗಳಿದ್ದವು. ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಹೇಳುತ್ತದೆ. 2011ರ ಜನಗಣತಿಯಲ್ಲಿಯೇ ಒಂಬತ್ತು ಲಕ್ಷ ದಾಟಿದ ನಮ್ಮ ಊರಿನಲ್ಲಿ ಈ ಸಮಿತಿಗಳ ಬಗ್ಗೆ ಮಾತನಾಡಲು ಒಂದು ಸಭಾಂಗಣ ಸಾಲದು. ಎರಡು ಊರುಗಳ ನಡುವೆ ಓಡುವ ಚಿಗರಿ ಬಸ್ಸು ಎಷ್ಟೇ ಬೇಗ ಬಂದರೂ, ಹಳೇ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟವರು ಬೆಳಿಗ್ಗೆ ಧಾರವಾಡಕ್ಕೆ ಬಂದು ಕೂತರೆ ಅಂದಿನ ವ್ಯಾಪಾರ ಹೋದಂತೆಯೇ. ಇನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿ ಮಾಡುತ್ತ, ಇಲ್ಲಿರುವ ತಂದೆತಾಯಿಯ ಮನೆಗೆ ನೀರು ಬಂತೋ ಇಲ್ಲವೋ ಎಂದು ದಿನವೂ ಫೋನಿನಲ್ಲಿ ವಿಚಾರಿಸುವ ಮಕ್ಕಳ ಸಂಖ್ಯೆಯೂ ಸಣ್ಣದಲ್ಲ.

ಹೆಚ್ಚಿನ ಸಂಘಟಕರು ನೇರಪ್ರಸಾರವನ್ನೇ ಭಾಗವಹಿಸುವಿಕೆ ಎಂದು ತಿಳಿಯುತ್ತಾರೆ, ನನ್ನ ತಕರಾರು ಇರುವುದು ಅಲ್ಲಿಯೇ. ವೇದಿಕೆಯ ಎದುರು ಒಂದು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಫೇಸ್‌ಬುಕ್ ಲೈವ್ ಹಚ್ಚಿಬಿಟ್ಟರೆ ದೂರದವರು ಪ್ರೇಕ್ಷಕರಾಗುತ್ತಾರೆಯೇ ಹೊರತು ಸಭಿಕರಾಗುವುದಿಲ್ಲ. ಅವರ ಕಮೆಂಟುಗಳು ಪರದೆಯ ಮೇಲೆ ಸರಿದುಹೋಗುತ್ತವೆ, ವೇದಿಕೆಯ ಮೇಲಿದ್ದವರಿಗೆ ಅವು ಕಾಣುವುದೂ ಇಲ್ಲ. ಪ್ರಶ್ನೆ ಅಧ್ಯಕ್ಷರ ಕಿವಿಗೆ ಬಿದ್ದು, ಉತ್ತರ ಮೈಕಿನಲ್ಲಿ ಬಂದು, ಎರಡೂ ನಡಾವಳಿಯಲ್ಲಿ ದಾಖಲಾದರೆ ಮಾತ್ರ ಆ ಮನುಷ್ಯ ಸಭೆಗೆ ಬಂದಂತೆ.

ಆದ್ದರಿಂದ ನಾವು ನೋಡುವ ದಾರಿಯನ್ನೂ ಪ್ರಶ್ನೆ ಕೇಳುವ ದಾರಿಯನ್ನೂ ಬೇರೆ ಬೇರೆ ಮಾಡಿದೆವು. ನೋಡಲು ಯೂಟ್ಯೂಬ್, ಕೇಳಲು ವಾಟ್ಸಾಪ್. ಯೂಟ್ಯೂಬಿನಲ್ಲಿ ಹೊಸ ಚಾನೆಲ್ಲಿಗೆ ಲೈವ್ ಸೌಲಭ್ಯ ತೆರೆದುಕೊಳ್ಳಲು 24 ಗಂಟೆಯವರೆಗೂ ಹಿಡಿಯಬಹುದು, ಮೊಬೈಲಿನಿಂದ ಲೈವ್ ಮಾಡಲು ಕನಿಷ್ಠ 50 ಚಂದಾದಾರರಿರಬೇಕು. ಹಾಗಾಗಿ ಸಭೆಯ ದಿನ ಬೆಳಿಗ್ಗೆ ಚಾನೆಲ್ ತೆರೆಯುತ್ತೇನೆ ಎನ್ನುವವರಿಗೆ ಅಂದು ಏನೂ ದಕ್ಕುವುದಿಲ್ಲ. ವಾಟ್ಸಾಪಿನಲ್ಲಿ ಗುಂಪು ಮಾಡುವುದು ಬೇಡವೆಂದು ನಾನು ಹಟ ಹಿಡಿದೆ. ಗುಂಪಿನಲ್ಲಿ 1024 ಜನರವರೆಗೆ ಸೇರಬಹುದೆಂಬುದು ನಿಜ, ಆದರೆ ಸೇರಿದ ಪ್ರತಿಯೊಬ್ಬರ ನಂಬರೂ ಉಳಿದವರಿಗೆ ಕಾಣುತ್ತದೆ. ತಮ್ಮ ಓಣಿಯ ಗಟಾರದ ಬಗ್ಗೆ ಕೇಳಬಂದ ಹೆಣ್ಣುಮಕ್ಕಳು ಅಪರಿಚಿತರ ಗುಡ್ ಮಾರ್ನಿಂಗ್ ಸಂದೇಶಗಳನ್ನು ಯಾಕೆ ಸಹಿಸಬೇಕು? ಗುಂಪಿನ ಬದಲು ಒಂದು ಹೊಸ ಸಿಮ್ ತೆಗೆದುಕೊಂಡು, ಆ ಒಂದೇ ನಂಬರಿಗೆ ಎಲ್ಲರೂ ಪ್ರತ್ಯೇಕವಾಗಿ ಪ್ರಶ್ನೆ ಕಳಿಸುವಂತೆ ಕೇಳಿಕೊಂಡೆವು. ಅದೇ ಖಾತೆಯನ್ನು ಲ್ಯಾಪ್‌ಟಾಪುಗಳಿಗೂ ಜೋಡಿಸಬಹುದಾದ್ದರಿಂದ ಇಬ್ಬರು ವಿದ್ಯಾರ್ಥಿಗಳು ಪಕ್ಕಪಕ್ಕ ಕೂತು ಪ್ರಶ್ನೆಗಳನ್ನು ವಿಂಗಡಿಸಿದರು. ಪ್ರಶ್ನೆಯ ಮೊದಲಿಗೆ ವಾರ್ಡ್ ಸಂಖ್ಯೆ, ಆಮೇಲೆ ಓಣಿಯ ಹೆಸರು ಬರೆಯಬೇಕೆಂದು ಆಮಂತ್ರಣದಲ್ಲಿಯೇ ಹೇಳಿದ್ದರಿಂದ ಒಂದೇ ಭಾಗದ ದೂರುಗಳನ್ನು ಒಟ್ಟುಗೂಡಿಸಿ ಒಂದೇ ಪ್ರಶ್ನೆಯಾಗಿ ಕೇಳಲು ಸಾಧ್ಯವಾಯಿತು.

ಚಿತ್ರಕ್ಕಿಂತ ಧ್ವನಿ ಮುಖ್ಯ, ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮೊಬೈಲಿನ ಮೈಕು ಹಾಲಿನ ಫ್ಯಾನಿನ ಸದ್ದನ್ನು ಭಾಷಣಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಸೌಂಡ್ ಸಿಸ್ಟಮ್ಮಿನವರಿಗೆ ಮೊದಲೇ ಹೇಳಿ, ಅವರ ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ಒಂದು ವೈರ್ ಎಳೆಸಿಕೊಳ್ಳಬೇಕು. ಹಾಲಿನಲ್ಲಿದ್ದವರು ಎದ್ದು ನಿಂತು ಮೈಕಿಲ್ಲದೆ ಕೇಳಿದ್ದು ದೂರದವರಿಗೆ ಕೇಳಿಸುವುದಿಲ್ಲವಾದ್ದರಿಂದ, ನಿರೂಪಕರು ಆ ಪ್ರಶ್ನೆಯನ್ನು ಮೈಕಿನಲ್ಲಿ ಮತ್ತೊಮ್ಮೆ ಹೇಳಬೇಕು. ಯೂಟ್ಯೂಬಿನಲ್ಲಿ ಮಾತು ತಲುಪುವಷ್ಟರಲ್ಲಿ ಹಲವು ಸೆಕೆಂಡುಗಳು ಕಳೆದಿರುತ್ತವೆ. "ಪ್ರಶ್ನೆಗಳಿದ್ದರೆ ಕೇಳಿ" ಎಂದು ಹೇಳಿ ಹತ್ತೆಣಿಸುವಷ್ಟರಲ್ಲಿ "ಯಾವುದೂ ಇಲ್ಲ" ಎಂದು ಮುಂದಿನ ವಿಷಯಕ್ಕೆ ಹೋದರೆ, ಆ ಕರೆ ದೂರದವರ ಕಿವಿಗೆ ಇನ್ನೂ ತಲುಪಿಯೇ ಇರುವುದಿಲ್ಲ.

ನಾವು ಮಾಡಿದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ವೇದಿಕೆಯ ಮೇಲೆಯೇ ಹಾಕಿದ ಒಂದು ಹೆಚ್ಚಿನ ಕುರ್ಚಿ. ಅದರಲ್ಲಿ ಕುಳಿತ ನಿವೃತ್ತ ಶಿಕ್ಷಕಿಯೊಬ್ಬರಿಗೆ ದೂರದವರ ಪ್ರಶ್ನೆಗಳನ್ನು ಓದುವುದೊಂದೇ ಕೆಲಸ, ಮತ್ತು ಹಾಲಿನ ಎರಡು ಪ್ರಶ್ನೆಗೆ ದೂರದ್ದು ಒಂದು ಎಂಬ ಲೆಕ್ಕವನ್ನು ಅಧ್ಯಕ್ಷರು ಮೊದಲೇ ಒಪ್ಪಿದ್ದರು. ಮಧ್ಯಾಹ್ನದ ಗೋಷ್ಠಿಯಲ್ಲಿ ಬಂದ ಒಂದು ಧ್ವನಿಸಂದೇಶವನ್ನು ಆ ಶಿಕ್ಷಕಿ ಓದಲು ಹೋಗದೆ, ಮೊಬೈಲನ್ನೇ ಮೈಕಿಗೆ ಹಿಡಿದರು. "ಸಾಹೇಬ್ರ, ನಮ್ಮ ಓಣಿಗೆ ನೀರು ಯಾವತ್ತ ಬರ್ತಾವಂತ ಒಂದಿನ ಮೊದ್ಲ ಹೇಳ್ರಿ, ಸಾಕು. ಕೂಲಿ ಬಿಟ್ಟು ಕಾಯೂದು ತಪ್ತೈತಿ. ನಮಗ ಇಪ್ಪತ್ನಾಲ್ಕು ತಾಸು ಏನ್ ಬ್ಯಾಡ್ರಿ." ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಆರಂಭವಾದ ನಿರಂತರ ನೀರಿನ ಪ್ರಯೋಗದ ಬಗ್ಗೆ ಬೆಳಿಗ್ಗೆಯಿಂದ ನಕ್ಷೆ ತೋರಿಸುತ್ತಿದ್ದ ತಜ್ಞರು ನಕ್ಷೆ ಬದಿಗಿಟ್ಟು ಆ ಒಂದು ದಿನದ ಮುನ್ಸೂಚನೆಯ ಬಗ್ಗೆಯೇ ಮಾತನಾಡಬೇಕಾಯಿತು. ಟೈಪ್ ಮಾಡಲು ಬಾರದವರಿಗೆ ಧ್ವನಿಸಂದೇಶದ ಅವಕಾಶ ಇಲ್ಲದಿದ್ದರೆ ಈ ಪ್ರಶ್ನೆ ನಮ್ಮವರೆಗೆ ಬರುತ್ತಿರಲಿಲ್ಲ.

ಇನ್ನೊಂದು ಮಾತು, ಹಿರಿಯರು ಬೇಸರಿಸಬಾರದು. ಪ್ರಾರ್ಥನೆ, ದೀಪ, ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ ಎಂದು ಮೊದಲ ಒಂದು ತಾಸು ನಡೆಯುವ ಕಲಾಪವನ್ನು ಹಾಲಿನವರು ಚಹಾ ಕುಡಿಯುತ್ತ ತಡೆದುಕೊಳ್ಳುತ್ತಾರೆ, ಮೊಬೈಲಿನವರು ತಡೆದುಕೊಳ್ಳುವುದಿಲ್ಲ. ನೇರಪ್ರಸಾರವನ್ನು ಮೊದಲ ಗೋಷ್ಠಿಯಿಂದಲೇ ಆರಂಭಿಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ.

ಸಭೆ ಮುಗಿದ ಮೇಲೆ ಉಳಿದ ಪ್ರಶ್ನೆಗಳೇ ಹೆಚ್ಚು. ಅವನ್ನು ವಾರ್ಡುವಾರು ಪಟ್ಟಿ ಮಾಡಿ, ಕೇಳಿದವರ ಹೆಸರು ಮತ್ತು ನಂಬರು ತೆಗೆದುಹಾಕಿ, ಸಂಬಂಧಿಸಿದವರಿಗೆ ನಡಾವಳಿಯೊಂದಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದೆವು. ಉತ್ತರ ಬಂದಂತೆ ಅದೇ ವಾಟ್ಸಾಪ್ ನಂಬರಿನಿಂದ ಕೇಳಿದವರಿಗೆ ತಲುಪಿಸುತ್ತಿದ್ದೇವೆ. ಸಭೆಯ ಮರುದಿನವೇ ಸಿಮ್ ತೆಗೆದಿಡುವ ಆಲೋಚನೆ ಇದ್ದವರು ಅದಕ್ಕೆ ವರ್ಷವಿಡೀ ರೀಚಾರ್ಜ್ ಮಾಡುವ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ, ಜೊತೆಗೆ ಆ ಮೊಬೈಲ್ ಯಾರ ಬಳಿ ಇರುತ್ತದೆ ಎಂಬುದನ್ನೂ ಸಭೆಗೆ ಮುಂಚೆಯೇ ತೀರ್ಮಾನಿಸಿಕೊಳ್ಳಿ.