ಚಟ್ನಿ ಬಟ್ಟಲು

ಇವತ್ತು ನಾಮಕರಣದ ಮನೆಯಲ್ಲಿ ತಿಂಡಿ. ಅಕ್ಕನ ಮಗಳು ಚಟ್ನಿ ಬಟ್ಟಲನ್ನೇ ನೋಡುತ್ತಾ ಕೂತಿದ್ದಳು.
"ಮಾಮಾ, ಇದರಲ್ಲಿ ಕಡ್ಲೆಬೀಜ ಇದೆಯಾ?" ಅವಳಿಗೆ ಕಡ್ಲೆಬೀಜ ಅಂದ್ರೆ ಅಲರ್ಜಿ.
ಬಡಿಸುವವರನ್ನು ಕೇಳಿದೆ. "ಬರೀ ಕಾಯಿ ಸಾರ್" ಅಂದರು. ಆದರೆ ಮಿಕ್ಸಿ ಜಾರ್ ಒಂದೇ ಅಲ್ವಾ, ಅದಕ್ಕೂ ಮೊದಲು ಏನು ರುಬ್ಬಿದ್ದರೋ. ಅವಳು ಸಕ್ಕರೆ ನೆಂಚಿಕೊಂಡು ಇಡ್ಲಿ ತಿಂದಳು.

ಕೋವಿಡ್ ಕಿಟ್‌ನ ಕೆಂಪು ಗೆರೆ ನೆನಪಿದೆಯಾ? ಹೆಚ್ಚಿನ ಕಿಟ್‌ಗಳಲ್ಲಿ ಅದು ಚಿನ್ನದ ಕಣಗಳ ಬಣ್ಣ. 40 ನ್ಯಾನೋಮೀಟರ್‌ನಷ್ಟು ಸಣ್ಣದಾದಾಗ ಚಿನ್ನ ಹಳದಿಯಲ್ಲ, ಕೆಂಪು! ಆ ಕಣಕ್ಕೆ ಕಡ್ಲೆಬೀಜದ ಪ್ರೋಟೀನ್ ಹಿಡಿಯುವ ಆಂಟಿಬಾಡಿ ಅಂಟಿಸಿದರೆ, ತಿಂಡಿಯಲ್ಲಿ ಅದು ಚೂರು ಬೆರೆತಿದ್ದರೂ ಗೆರೆ ಮೂಡುತ್ತದೆ. ಫುಡ್ ಫ್ಯಾಕ್ಟರಿಗಳಲ್ಲಿ ಯಂತ್ರ ತೊಳೆದ ಮೇಲೆ ಇಂಥ ಪಟ್ಟಿ ಇಟ್ಟು ನೋಡುತ್ತಾರೆ.

ಅವಳ ಕಂಪಾಸ್ ಬಾಕ್ಸಲ್ಲೂ ಅಂಥದ್ದೊಂದು ಪಟ್ಟಿ ಇರಬೇಕಿತ್ತು ಅಂತ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.