ವರ್ಷಗಟ್ಟಲೆ ಬಿಟ್ಟ ಮೇಲೆ ಮತ್ತೆ ಹಲ್ಲಿನ ಡಾಕ್ಟರ ಬಳಿಗೆ

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಎಷ್ಟು ವರ್ಷವಾಯಿತೆಂದು ಹೇಳಿಬಿಡಿ. ಎಕ್ಸ್‌ರೇಗೂ ವಸಡಿನ ಅಳತೆಗೂ ಸೇರಿಸಿ ಸಮಯ ಇಡಲು ಅವರಿಗೆ ಅನುಕೂಲ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತದ ಔಷಧಿ ಇದ್ದರೆ ಪಟ್ಟಿ ಬರೆದುಕೊಂಡು ಹೋಗಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಮುಖ್ಯ ಕೆಲಸ ವಸಡು ಅಳೆಯುವುದು. ಮಿಲಿಮೀಟರ್ ಗುರುತುಗಳಿರುವ ತೆಳ್ಳನೆಯ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿ, ಪ್ರತಿ ಹಲ್ಲಿನ ಸುತ್ತ 6 ಕಡೆ ಆಳ ನೋಡುತ್ತಾರೆ. ಸಂಖ್ಯೆ ಕೂಗಿ ಹೇಳುತ್ತಿದ್ದರೆ ಕಿವಿಗೊಡಿ. 1ರಿಂದ 3 ಬಂದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 4 ಅಥವಾ ಹೆಚ್ಚಿದ್ದು ರಕ್ತವೂ ಒಸರಿದರೆ ವಸಡು ಹಲ್ಲಿನಿಂದ ಬಿಡುತ್ತಿರಬಹುದು. ಇದಕ್ಕೆ ಹೆಚ್ಚಾಗಿ ನೋವೇ ಇರುವುದಿಲ್ಲ, ಜನ ಮೋಸಹೋಗುವುದು ಇಲ್ಲೇ.

ಮೆತ್ತಗಿನ ಪಾಚಿ ಜೊಲ್ಲಿನ ಕ್ಯಾಲ್ಸಿಯಂ ಹೀರಿ ಕಲ್ಲಾದರೆ ಬ್ರಷ್‌ಗೆ ಜಗ್ಗುವುದಿಲ್ಲ. ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿ ನಾಲಿಗೆ ಆಡಿಸಿ, ಒರಟಾಗಿ ತಗುಲುವುದು ಹೆಚ್ಚಾಗಿ ಅದೇ. ಆಳಕ್ಕಿಳಿದಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಂದೊಂದು ಭಾಗವಾಗಿ 2-4 ಭೇಟಿಗಳಲ್ಲಿ ತೆಗೆಯುವುದುಂಟು.

ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಯಿತು, ಸಂದಿ ಬಿತ್ತು ಎನ್ನುವವರಿದ್ದಾರೆ. ಸಂದಿ ಮೊದಲೇ ಇತ್ತು, ಕಲ್ಲು ಮುಚ್ಚಿತ್ತು. ಊದಿದ ವಸಡು ಇಳಿದಾಗ ಕಾಣುತ್ತದೆ. ತಣ್ಣನೆಯದಕ್ಕೆ ಕೆಲವು ದಿನ ಜುಮ್ಮೆನ್ನಬಹುದು, ಸೆನ್ಸಿಟಿವಿಟಿ ಪೇಸ್ಟ್ ಹಚ್ಚಿ ಉಗಿಯಿರಿ, ಬಾಯಿ ಮುಕ್ಕಳಿಸಬೇಡಿ.

ಭಯವಿದ್ದರೆ ಕೈ ಎತ್ತಿದಾಗ ನಿಲ್ಲಿಸಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಆಳದ ಕ್ಲೀನಿಂಗ್ ಆಗಿದ್ದರೆ ಕೆಲವು ವಾರಗಳ ಬಳಿಕ ಮರು ಅಳತೆಯನ್ನಂತೂ ದಯವಿಟ್ಟು ತಪ್ಪಿಸಬೇಡಿ.